ಕೀಸುಳಿ, ಹೊಟ್ಟು ಮತ್ತು ಒಂದು ಪೈಪಿನ ಚರಿತ್ರೆ

ಮರಗೆಲಸದ ಚರಿತ್ರೆ ಅಂದ ಕೂಡಲೇ ನಮಗೆ ನೆನಪಾಗುವುದು ದೇವಸ್ಥಾನದ ತೇರು, ಗುತ್ತಿನ ಮನೆಯ ಕಂಬ, ಕೆತ್ತನೆಯ ಬಾಗಿಲು, ಹೆಚ್ಚೆಂದರೆ ಅಜ್ಜಿಯ ಕಾಲದ ಹಲಸಿನ ಮರದ ಪೆಟ್ಟಿಗೆ. ಆ ಕಂಬ ನುಣುಪಾಗುವಾಗ ಕೆಳಗೆ ಬಿದ್ದ ಹೊಟ್ಟು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಗುಡಿಸಿ ಹಾಕಿರುತ್ತಾರೆ, ಅಷ್ಟೆ ತಾನೇ? ಈ ಬರಹ ಆ ಹೊಟ್ಟಿನ ಬಗ್ಗೆ. ಮತ್ತು ಅದನ್ನು ಎಳೆದುಕೊಂಡು ಹೋಗಲಿಕ್ಕೆ ಯಂತ್ರದ ಬೆನ್ನಿಗೆ ಸಿಕ್ಕಿಸುವ ನಾಲ್ಕಿಂಚಿನ ಪೈಪಿನ ಬಗ್ಗೆ.

ಬ್ಯಾಂಕಿನವನಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ನಾನು ಓದಿದ್ದು ಬಿಕಾಂ, ಮಾಡಿದ್ದು ಸಾಲ ಕೊಡುವ, ವಸೂಲು ಮಾಡುವ ಕೆಲಸ. ಸಣ್ಣ ಉದ್ಯಮಗಳ ಸಾಲದ ವಿಭಾಗದಲ್ಲಿ ಇದ್ದವರು ವರ್ಷಕ್ಕೆ ಇಷ್ಟು ಸಲ ಅಂತ ಸಾಲಗಾರರ ಜಾಗಕ್ಕೆ ಹೋಗಿ ಯಂತ್ರ ಇದೆಯೋ ಇಲ್ಲವೋ, ಸರಕು ಎಷ್ಟಿದೆ ಅಂತ ನೋಡಿ ಬರೆದುಕೊಂಡು ಬರಬೇಕು. ಹಾಗೆ ಅಂಧೇರಿಯ ಗಾಲಾಗಳನ್ನು ವರ್ಷಗಟ್ಟಲೆ ಸುತ್ತಿದ್ದೇನೆ. ಗಾಲಾ ಅಂದರೆ ಗೊತ್ತಲ್ಲ... ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಾಲಾಗಿ ಇರುವ, ಶಟರ್ ಎಳೆಯುವ ಕೋಣೆಗಳು. ಮರಗೆಲಸದ ಗಾಲಾದಿಂದ ಹೊರಗೆ ಬಂದರೆ ನನ್ನ ಕಪ್ಪು ಶೂ ಬಿಳಿ ಆಗಿರುತ್ತಿತ್ತು. ಲೆಕ್ಕ ಓದಿದವನಿಗೆ ಒಂದು ಚಾಳಿ ಇರುತ್ತದೆ, ಏನು ಕಂಡರೂ ಇದು ಯಾರ ಖಾತೆಗೆ ಅಂತ ಕೇಳುವುದು. ಈ ಹೊಟ್ಟು ಯಾರ ಖಾತೆಗೆ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು.

ಮೊದಲು ಹೆಸರುಗಳನ್ನು ಹೇಳಿಬಿಡುತ್ತೇನೆ. ಹಲಗೆಯ ಮೈ ಸಮ ಮಾಡುವ ಉಪಕರಣವನ್ನು ನಮ್ಮ ಕರಾವಳಿಯಲ್ಲಿ ಕೀಸುಳಿ ಅನ್ನುತ್ತೇವೆ, ಬೇರೆ ಕಡೆ ಹತ್ತರಿ ಅಂತಾರೆ, ಮುಂಬಯಿಯಲ್ಲಿ ಎಲ್ಲರಿಗೂ ಅದು ರಂದಾ. ಅದರ ಯಂತ್ರರೂಪ ಪ್ಲೇನರ್. ಮೇಜಿನ ಮೇಲೆ ಇಡುವ ಸಣ್ಣ ಪ್ಲೇನರ್ ಸುಮಾರು ಮೂವತ್ತು ನಲವತ್ತು ಕಿಲೋ ತೂಗುತ್ತದೆ. 12-13 ಇಂಚು ಅಗಲದ ಹಲಗೆಯನ್ನು ಒಂದು ಕಡೆಯಿಂದ ಕೊಟ್ಟರೆ ಒಳಗಿನ ರೋಲರುಗಳು ಅದನ್ನು ಎಳೆದುಕೊಳ್ಳುತ್ತವೆ. ಎರಡೋ ಮೂರೋ ಅಲಗು ಕೂರಿಸಿದ ಉರುಳೆ ನಿಮಿಷಕ್ಕೆ ಎಂಟು ಹತ್ತು ಸಾವಿರ ಸುತ್ತು ತಿರುಗುತ್ತಾ ಮೇಲ್ಮೈಯನ್ನು ಕೀಸುತ್ತದೆ. ಇನ್ನೊಂದು ಕಡೆಯಿಂದ ಹಲಗೆ ಒಂದೇ ದಪ್ಪಕ್ಕೆ ಬಂದು ನುಣ್ಣಗೆ ಹೊರಗೆ ಬೀಳುತ್ತದೆ. ಅದರ ಜೊತೆ ಹೊಟ್ಟೂ ಬರುತ್ತದೆ. ಮಳೆಗಾಲದ ನೀರಿನ ಹಾಗೆ ಬರುತ್ತದೆ.

* * *

ಕೈ ಕೀಸುಳಿಯ ಕಾಲದಲ್ಲಿ ಹೊಟ್ಟು ಅಂದರೆ ಹೊಟ್ಟೇ ಅಲ್ಲ, ಸುರುಳಿ. ಆಚಾರಿಯ ಕೈಯಿಂದ ಉದ್ದುದ್ದಕ್ಕೆ ಎದ್ದು, ಸುತ್ತಿಕೊಂಡು, ಅವನ ಕಾಲ ಬುಡದಲ್ಲೇ ಬೀಳುತ್ತಿತ್ತು. ಗಾಳಿಗೆ ಏಳುವಷ್ಟು ಸಣ್ಣ ಹುಡಿ ಅದರಲ್ಲಿ ಕಡಿಮೆ. ಮಕ್ಕಳು ಅದನ್ನು ಬಳೆ ಮಾಡಿ ಹಾಕಿಕೊಂಡು ಆಡುತ್ತಿದ್ದರು, ಹೆಂಗಸರು ಬಚ್ಚಲು ಒಲೆಗೆ ಕಿಚ್ಚು ಹಿಡಿಸಲು ಒಯ್ಯುತ್ತಿದ್ದರು.

ಗರಗಸದ ಹುಡಿಗಂತೂ ಗಿರಾಕಿಗಳೇ ಇದ್ದರು. ಕರಾವಳಿಯ ಅನೇಕ ಮನೆಗಳಲ್ಲಿ ಹುಡಿ ಒಲೆ ಇತ್ತು. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಮರದ ಹುಡಿ ಗಟ್ಟಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲ ಎಳೆದು ತೆಗೆದರೆ ನಡುವೆ ಒಂದು ತೂತು ಉಳಿಯುತ್ತದೆ. ಅಡಿಯಿಂದ ಬೆಂಕಿ ಕೊಟ್ಟರೆ ಗಂಟೆಗಟ್ಟಲೆ ಸದ್ದಿಲ್ಲದೆ ಉರಿಯುತ್ತದೆ. ಮರದ ಮಿಲ್ಲಿನಿಂದ ಗೋಣಿಯಲ್ಲಿ ಹುಡಿ ತರುವುದು ಮನೆಯ ಹುಡುಗರ ಕೆಲಸ. ಐಸಿನ ಗಡ್ಡೆ ಕರಗದ ಹಾಗೆ ಮುಚ್ಚಿಡಲು, ಗಾಜಿನ ಸಾಮಾನು ಒಡೆಯದ ಹಾಗೆ ಪೆಟ್ಟಿಗೆಗೆ ತುಂಬಲು ಅದೇ ಹುಡಿ ಬೇಕು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ಶ್ರೀಗಂಧ. ಮರವನ್ನು ಕಡಿದು ಹಸನು ಮಾಡಿ ಹದಿನೆಂಟು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ಗಂಧದ ವ್ಯಾಪಾರದಲ್ಲಿ ಬಂದಿದೆ. ಮೇಲಿನ ದರ್ಜೆಯಲ್ಲಿ ಕೆತ್ತನೆಗೆ ಆಗುವ ದಿಮ್ಮಿಗಳು. ಕೆಳಕ್ಕೆ ಇಳಿಯುತ್ತಾ ಹೋದರೆ ಬೇರು, ಚೂರು, ಚಕ್ಕೆ. ತೀರಾ ಕೊನೆಗೆ ಗರಗಸದ ಹುಡಿ. ಅದೂ ಒಂದು ದರ್ಜೆ, ಅದಕ್ಕೂ ಒಂದು ದರ! ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರದ ವ್ಯಾಪಾರ ನಿಂತಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಎಣ್ಣೆ ತೆಗೆಯಬೇಕಾದರೆ ಹೇಗೂ ಮರವನ್ನು ಹುಡಿ ಮಾಡಲೇಬೇಕು. ಗಂಧದ ಹುಡಿ ನೆಲದಲ್ಲಿ ಬಿದ್ದಿದ್ದರೆ ಅದನ್ನು ಗುಡಿಸುವವನ ಮೇಲೆ ಒಂದು ಕಣ್ಣು ಇಡಬೇಕಾಗುತ್ತದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಹೊಟ್ಟಿಗೆ ಬೆಲೆ ಇದ್ದಾಗ ಅದನ್ನು ಎತ್ತಲು ಯಾರೂ ಹೇಳಬೇಕಾಗಿರಲಿಲ್ಲ. ತಾನಾಗಿ ಎತ್ತುತ್ತಿದ್ದರು.

* * *

ಇನ್ನು ಯಂತ್ರಕ್ಕೆ ಬರೋಣ. ಮರ ಕೀಸುವ ಯಂತ್ರಕ್ಕೆ ಮೊದಲ ಪೇಟೆಂಟುಗಳಲ್ಲಿ ಒಂದು ಇಂಗ್ಲೆಂಡಿನ ಸ್ಯಾಮುಯೆಲ್ ಬೆಂಥಮ್ ಎಂಬವನದ್ದು, 1791ರಲ್ಲಿ. ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಜೆರೆಮಿ ಬೆಂಥಮ್ ಅಂತ ಓದಿರುತ್ತೀರಿ, ಅವನ ತಮ್ಮ ಈತ. ಅಣ್ಣ ಜೆರೆಮಿಗೆ ಒಂದು ಮಾದರಿ ಜೈಲು ಕಟ್ಟುವ ಹುಚ್ಚು. ಅಲ್ಲಿನ ಕೈದಿಗಳಿಗೆ ಕೆಲಸ ಬೇಕಲ್ಲ, ಕಸುಬು ಗೊತ್ತಿಲ್ಲದವನೂ ನಡೆಸಬಹುದಾದ ಮರಗೆಲಸದ ಯಂತ್ರಗಳು ಅದಕ್ಕಾಗುತ್ತವೆ ಅನ್ನುವ ಲೆಕ್ಕಾಚಾರ ಅಣ್ಣತಮ್ಮಂದಿರದ್ದು. 1802ರಲ್ಲಿ ಜೋಸೆಫ್ ಬ್ರಾಮಾ ಇನ್ನೊಂದು ಬಗೆಯ ಪ್ಲೇನರಿಗೆ ಪೇಟೆಂಟ್ ತೆಗೆದುಕೊಂಡ. ಆದರೆ ಇಂದಿನ ಪ್ಲೇನರಿನ ನಿಜವಾದ ಮುತ್ತಜ್ಜ ಅಮೆರಿಕದ ವಿಲಿಯಂ ವುಡ್‌ವರ್ತ್ 1828ರಲ್ಲಿ ಪೇಟೆಂಟ್ ಪಡೆದ ಯಂತ್ರ. ತಿರುಗುವ ಉರುಳೆಗೆ ಅಲಗು, ಹಲಗೆಯನ್ನು ಒತ್ತಿ ಮುಂದೆ ತಳ್ಳುವ ರೋಲರು. ಇವತ್ತಿನ ಮೇಜಿನ ಪ್ಲೇನರಿನ ಮುಚ್ಚಳ ಬಿಚ್ಚಿದರೆ ಒಳಗೆ ಇದೇ ಕಾಣುವುದು. ಆ ಪೇಟೆಂಟನ್ನು ವಿಸ್ತರಿಸುತ್ತಾ ಹೋಗಿ 1856ರ ತನಕ ಎಳೆದರು. ಅಷ್ಟೂ ವರ್ಷ ಕೋರ್ಟಿನಲ್ಲಿ ಕೇಸುಗಳೋ ಕೇಸುಗಳು. ಹಲಗೆ ನುಣುಪು ಮಾಡುವುದರಲ್ಲಿ ಅಷ್ಟು ದುಡ್ಡಿತ್ತು.

ಯಂತ್ರ ಬಂದಾಗ ಆದ ಬದಲಾವಣೆ ಬರೀ ವೇಗದ್ದಲ್ಲ. ಕೈ ಕೀಸುಳಿ ಒಂದು ಉದ್ದ ಸುರುಳಿ ತೆಗೆದರೆ, ತಿರುಗುವ ಅಲಗು ಪ್ರತಿ ಸುತ್ತಿಗೂ ಒಂದು ಸಣ್ಣ ಚೂರನ್ನು ಕಚ್ಚಿ ಎಸೆಯುತ್ತದೆ. ಆ ಎಸೆತದಲ್ಲಿ ಚೂರು ಒಡೆದು ಹುಡಿಯೂ ಆಗುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ, ಅಂಕಿ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಒಂದಡಿ ಅಗಲ, ಎಂಟಡಿ ಉದ್ದದ ಹಲಗೆಯಿಂದ ಒಂದು ಮಿಲಿಮೀಟರ್ ತೆಗೆದರೆ ಹೋಗುವ ಮರ ಮುಕ್ಕಾಲು ಲೀಟರಿನ ಹತ್ತಿರ. ಆದರೆ ಹೊಟ್ಟು ಸಡಿಲ ವಸ್ತು, ಐದು ಪಟ್ಟಾದರೂ ಹಿಗ್ಗುತ್ತದೆ. ಹತ್ತು ಹಲಗೆ, ಎರಡು ಮಗ್ಗುಲು ಅಂದರೆ ಎಪ್ಪತ್ತು ಲೀಟರು, ಒಂದು ದೊಡ್ಡ ಗೋಣಿಚೀಲ! ಹಲಗೆಯ ಕೆಲಸಕ್ಕೆ ಅರ್ಧ ಗಂಟೆ ಸಾಕು. ಗೋಣಿ ತುಂಬುವ ಕೆಲಸ ಅದರ ಮೇಲೆ.

* * *

ಪೈಪಿನ ಕಥೆ ಶುರುವಾಗುವುದು ಒಬ್ಬ ಮೋಚಿಯಿಂದ! ಅಮೆರಿಕದ ಬೆಂಜಮಿನ್ ಸ್ಟರ್ಟೆವಂಟ್ ಚಪ್ಪಲಿ ಶೂ ಹೊಲಿಯುವ ಕಸುಬಿನಲ್ಲಿ ಬೆಳೆದವನು. ಆ ಕಾಲದಲ್ಲಿ ಶೂವಿನ ಅಟ್ಟೆಗೆ ಕಬ್ಬಿಣದ ಮೊಳೆ ಅಲ್ಲ, ಮರದ ಸಣ್ಣ ಮೊಳೆ ಹೊಡೆಯುತ್ತಿದ್ದರು. ಆ ಮೊಳೆ ಮಾಡುವ ಯಂತ್ರದಿಂದ ಏಳುವ ಹುಡಿಯ ಕಾಟ ತಡೆಯಲಾಗದೆ ಆತ 1860ರ ದಶಕದಲ್ಲಿ ಹುಡಿಯನ್ನು ಎಳೆದು ಹೊರಗೆ ಹಾಕುವ ಫ್ಯಾನು ಮಾಡಿದ. ಮುಂದೆ ಅವನ ಹೆಸರಿನ ಕಂಪನಿ ಫ್ಯಾನುಗಳಿಗೆ ಲೋಕಪ್ರಸಿದ್ಧವಾಯಿತು.

ಫ್ಯಾನು ಎಳೆದ ಹೊಟ್ಟನ್ನು ಗಾಳಿಯಿಂದ ಬೇರೆ ಮಾಡಬೇಕಲ್ಲ? ಅದಕ್ಕೆ 1880ರ ದಶಕದಲ್ಲಿ ಅಮೆರಿಕದ ನಿಕರ್‌ಬಾಕರ್ ಕಂಪನಿಯ ಸೈಕ್ಲೋನ್ ಬಂತು. ಆಲಿಕೆಯ ಆಕಾರದ ದೊಡ್ಡ ತಗಡಿನ ಪಾತ್ರೆ. ಅದರೊಳಗೆ ಗಾಳಿ ಸುತ್ತು ಹಾಕುವಾಗ ಭಾರದ ಹೊಟ್ಟು ಗೋಡೆಗೆ ಒರೆಸಿಕೊಂಡು ಕೆಳಕ್ಕೆ ಇಳಿಯುತ್ತದೆ, ಗಾಳಿ ಮೇಲಿಂದ ಹೊರಗೆ ಹೋಗುತ್ತದೆ. ಸಾಮಿಲ್ಲುಗಳ ತಲೆಯ ಮೇಲೆ ಇವತ್ತಿಗೂ ಅದನ್ನು ಕಾಣಬಹುದು. 1970ರ ದಶಕದ ಕೊನೆಗೆ ಜೇಮ್ಸ್ ಡೈಸನ್ ಒಂದು ಸಾಮಿಲ್ಲಿನಲ್ಲಿ ಇದನ್ನು ನೋಡಿ, 5,127 ಮಾದರಿಗಳನ್ನು ಮಾಡಿ ಮಾಡಿ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ತಯಾರಿಸಿದ. ನಮ್ಮ ಫ್ಲಾಟುಗಳ ಮೂಲೆಯಲ್ಲಿ ನಿಂತ ಪೊರಕೆ ಯಂತ್ರಕ್ಕೂ ಮರದ ಹೊಟ್ಟಿಗೂ ಹೀಗೆ ನೆಂಟಸ್ತನ.

ಈಗ ಲೆಕ್ಕದ ಪ್ರಶ್ನೆ. ಆಗಿನ ಮಿಲ್ಲಿನವರು ಇಷ್ಟು ಖರ್ಚು ಮಾಡಿ ಪೈಪು ಯಾಕೆ ಎಳೆದರು? ಕೆಲಸದವರ ಎದೆಗೂಡಿನ ಮೇಲೆ ಮಮತೆ ಅಂತ ನೀವು ತಿಳಿದರೆ ನಿಮ್ಮ ಒಳ್ಳೆಯತನಕ್ಕೆ ನಮಸ್ಕಾರ. ಆ ಮಿಲ್ಲುಗಳು ನಡೆಯುತ್ತಿದ್ದದ್ದು ಉಗಿಯಿಂದ. ಪೈಪಿನಲ್ಲಿ ಹೋದ ಹೊಟ್ಟು ನೇರ ಬಾಯ್ಲರಿಗೆ ಉರುವಲು. ನೆಲದಲ್ಲಿ ರಾಶಿ ಬಿದ್ದರೆ ಬೆಂಕಿಯ ಭಯ, ಕೆಲಸ ನಿಂತು ನಷ್ಟ. ಅಂದರೆ ಪೈಪು ತನ್ನ ಸಂಬಳವನ್ನು ತಾನೇ ದುಡಿಯುತ್ತಿತ್ತು. ಆಮೇಲೆ ಕರೆಂಟಿನ ಮೋಟರು ಬಂತು, ಬಾಯ್ಲರ್ ಹೋಯಿತು. ಸಣ್ಣ ಕಾರ್ಖಾನೆಗಳಲ್ಲಿ ಹೊಟ್ಟಿಗೆ ಇದ್ದ ಒಬ್ಬನೇ ಗಿರಾಕಿ ಇಲ್ಲವಾದ. ಆಸ್ತಿಯ ಕಡೆ ಇದ್ದ ಪೈಪು ಖರ್ಚಿನ ಕಡೆಗೆ ಬಂತು. ಅಂಧೇರಿಯ ಗಾಲಾಕ್ಕೆ ಪ್ಲೇನರ್ ಬಂದದ್ದು ಈ ಹಂತದಲ್ಲಿ.

* * *

ಅಂಧೇರಿ ಬೃಹನ್ಮುಂಬಯಿಗೆ ಸೇರಿದ್ದೇ 1950ರಲ್ಲಿ. ಅದಕ್ಕೂ ಮೊದಲು ಇದು ಗಾವ್‌ಠಾಣಗಳ, ಗದ್ದೆ ತೋಟಗಳ ಊರು. ಇಲ್ಲಿ ಮರಗೆಲಸಕ್ಕೆ ಒಂದು ಕಾರಣ ಸಿನಿಮಾ. ಅಂಧೇರಿ ಕುರ್ಲಾ ರಸ್ತೆಯ ಮೋಹನ್ ಸ್ಟುಡಿಯೋದಲ್ಲೇ 1960ರಲ್ಲಿ ಬಿಡುಗಡೆಯಾದ ಮೊಘಲ್-ಎ-ಆಜಮ್‌ನ ಶೀಶ್ ಮಹಲ್ ಎದ್ದದ್ದು. ಸೆಟ್ಟು ಅಂದರೆ ಬಡಗಿಗಳಿಗೆ ಕೆಲಸ, ಅದೂ ರಾತ್ರಿ ಹಗಲು. 1962ರಲ್ಲಿ ಎಂಐಡಿಸಿ ಹುಟ್ಟಿ ಮರೋಲ್ ಕಡೆ ಕಾರ್ಖಾನೆಗಳು ಬಂದವು, 1973ರಲ್ಲಿ ಸೀಪ್ಜ್ ಬಂತು. ಪಶ್ಚಿಮದಲ್ಲಿ ವೀರಾ ದೇಸಾಯಿ ರಸ್ತೆ, ಲಿಂಕ್ ರೋಡಿನ ಆಸುಪಾಸು ಗಾಲಾಗಳು ತುಂಬಿದವು. ಪಕ್ಕದ ಓಶಿವರಾದಲ್ಲಿ ಹಳೆ ಹೊಸ ಫರ್ನಿಚರಿನ ದೊಡ್ಡ ಬಜಾರೇ ಬೆಳೆಯಿತು. ಮರ ಬರುತ್ತಿದ್ದದ್ದು ರೇ ರೋಡಿನ ಲಕಡಿ ಬಂದರಿನಿಂದ. ಕೆಲಸದವರು ರಾಜಸ್ಥಾನದ ಸುತಾರರು, ಗುಜರಾತಿನ ಮಿಸ್ತ್ರಿಗಳು, ಉತ್ತರ ಪ್ರದೇಶದ ಹುಡುಗರು. ನಡುನಡುವೆ ನಮ್ಮ ಉಡುಪಿ ಕುಂದಾಪುರದ ಆಚಾರಿಗಳು. ವೀರಾ ದೇಸಾಯಿ ರಸ್ತೆಯ ಹತ್ತಿರ ಮೊಗವೀರ ಭವನವೂ ಇರುವುದರಿಂದ ಆ ಕಡೆ ಹೋದರೆ ಊರಿನ ಮಾತು ಕಿವಿಗೆ ಬೀಳುವುದು ವಿಶೇಷವೇನಲ್ಲ.

ಇವರ ಕೈಗೆ ಬಂದ ಮೊದಲ ಯಂತ್ರ ಹೆಚ್ಚಾಗಿ ಕೈಯಲ್ಲಿ ಹಿಡಿಯುವ ಕರೆಂಟಿನ ರಂದಾ. ಜಪಾನಿನಲ್ಲಿ ಅದನ್ನು ಮೊದಲು ಮಾಡಿ ಮಾರಿದ್ದು ಮಕಿಟಾ ಕಂಪನಿ, 1958ರಲ್ಲಿ. ನಮ್ಮವರ ಬುದ್ಧಿ ನೋಡಿ, ಅದನ್ನು ತಲೆಕೆಳಗಾಗಿ ಹಲಗೆಗೆ ಬಿಗಿದು, ಅಲಗು ಮೇಲೆ ಮಾಡಿ, ಅದರ ಮೇಲೆ ರೀಪನ್ನು ತಳ್ಳುತ್ತಾರೆ. ಕೈಗಡಣೆಯ ರಂದಾ ಮೇಜಿನ ರಂದಾ ಆಯಿತು! ಬೆರಳಿಗೆ ಅಪಾಯ, ಹೊಟ್ಟಂತೂ ಸೀದಾ ಪಕ್ಕಕ್ಕೆ ಚಿಮ್ಮುತ್ತದೆ. ಇದು ಇವತ್ತಿಗೂ ಕಾಣಸಿಗುತ್ತದೆ. ಇದರ ಮುಂದಿನ ಮೆಟ್ಟಿಲು ಮೇಜಿನ ಪ್ಲೇನರ್. ಹೊತ್ತುಕೊಂಡು ಹೋಗಬಹುದಾದ ಈ ಜಾತಿಯ ಯಂತ್ರವನ್ನು 1980ರ ದಶಕದಲ್ಲಿ ಜಪಾನಿನ ರಿಯೋಬಿ ಕಂಪನಿ ಜನಪ್ರಿಯ ಮಾಡಿತು. ಆಮೇಲೆ ಮಕಿಟಾ, ಡಿವಾಲ್ಟ್ ಎಲ್ಲರೂ ತಂದರು. ದೊಡ್ಡ ಎರಕದ ಯಂತ್ರಕ್ಕೆ ಜಾಗ ಇಲ್ಲದ, ತ್ರೀ ಫೇಸ್ ಕನೆಕ್ಷನ್ ಇಲ್ಲದ ಗಾಲಾಕ್ಕೆ ಇದು ಹೇಳಿ ಮಾಡಿಸಿದಂತೆ.

ಆದರೆ ಕೋಣೆ ಸಣ್ಣದಾದಷ್ಟೂ ಹೊಟ್ಟು ದೊಡ್ಡದಾಗುತ್ತದೆ. ಮಿಲ್ಲಿಗೆ ಮಾಡು ಎತ್ತರ, ನಾಲ್ಕು ಕಡೆ ಬಯಲು. ಗಾಲಾಕ್ಕೆ ಮೂರು ಕಡೆ ಗೋಡೆ, ಒಂದು ಕಡೆ ಶಟರು. ಮಳೆಗಾಲದಲ್ಲಿ ಅದೂ ಅರ್ಧ ಮುಚ್ಚಿರುತ್ತದೆ.

* * *

ಪೈಪು ಸಂಬಾಳಿಸುವುದು ಹೇಗೆ ಅಂತ ನನಗೆ ವಿವರಿಸಿದವರು ನಮ್ಮ ಊರಿನ ಕಡೆಯ ಒಬ್ಬರು ಹಿರಿಯ ಆಚಾರ್ರು. ಹೆಸರು ಬೇಡ. ಅವರ ಗಾಲಾಕ್ಕೆ ಹೋದಾಗ ಪ್ಲೇನರಿನ ಹಿಂದಿನಿಂದ ಒಂದು ಪಾರದರ್ಶಕ ಪೈಪು ಮಾಡಿನ ಕೊಕ್ಕೆಗೆ ನೇತಾಡುತ್ತಿತ್ತು.

"ಇದನ್ನು ಎಂತಕ್ಕೆ ಮೇಲೆ ಕಟ್ಟಿದ್ದು ಆಚಾರ್ರೇ?" ಅಂತ ಕೇಳಿದೆ.

"ನೆಲದಲ್ಲಿ ಬಿಟ್ರೆ ಕಾಲಿಗೆ ಸಿಕ್ತದೆ ಮಾರಾಯ್ರೇ. ಹಿಂದೆ ಸುಮ್ಮನೆ ಬಿಟ್ರೆ ಹೊರಗೆ ಬರುವ ಹಲಗೆಯ ಮೇಲೆ ಬೀಳ್ತದೆ, ಹಲಗೆ ಅದನ್ನೇ ನೂಕಿಕೊಂಡು ಹೋಗ್ತದೆ. ಮೇಲೆ ಕಟ್ಟಿದ್ರೆ ಅದರಷ್ಟಕ್ಕೆ ಇರ್ತದೆ."

ಸಂಗತಿ ಇದೇ. ಈ ಯಂತ್ರಗಳಲ್ಲಿ ಹೊಟ್ಟಿನ ಬಾಯಿ ಇರುವುದು ಹೆಚ್ಚಾಗಿ ಹಿಂಭಾಗದಲ್ಲಿ, ಹಲಗೆ ಹೊರಬರುವ ದಾರಿಯ ಸ್ವಲ್ಪ ಮೇಲೆ. ಕೆಲವು ಮಾದರಿಗಳಲ್ಲಿ ದಪ್ಪ ಬದಲಿಸಲು ಹಿಡಿ ತಿರುಗಿಸಿದಾಗ ಅಲಗಿನ ತಲೆಯ ಜೊತೆ ಆ ಬಾಯಿಯೂ ಏರಿಳಿಯುತ್ತದೆ. ಹಾಗಾಗಿ ಪೈಪನ್ನು ಗಟ್ಟಿಯಾಗಿ ಬಿಗಿಯುವ ಹಾಗಿಲ್ಲ, ಸಡಿಲ ಬಿಡುವ ಹಾಗೂ ಇಲ್ಲ. ಆಚಾರ್ರು ಮಾಡಿದ ಉಪಾಯ ಸರಳ. ಗೋಡೆಯುದ್ದಕ್ಕೂ ಬಚ್ಚಲಿನ ನೀರು ಹೋಗಲಿಕ್ಕೆ ಹಾಕುವ ನಾಲ್ಕಿಂಚಿನ ಪಿವಿಸಿ ಪೈಪು. ಕೊನೆಯ ನಾಲ್ಕೈದು ಅಡಿ ಮಾತ್ರ ಬಾಗುವ ಪೈಪು. ಅದನ್ನು ಮಾಡಿಗೆ ಕಟ್ಟಿದ ಹಗ್ಗಕ್ಕೆ ಸೈಕಲ್ ಟ್ಯೂಬಿನ ತುಂಡು ಸೇರಿಸಿ ತೂಗುಹಾಕಿದ್ದು. ತಲೆ ಮೇಲೆ ಹೋದರೆ ಟ್ಯೂಬು ಕುಗ್ಗುತ್ತದೆ, ಕೆಳಗೆ ಬಂದರೆ ಎಳೆದುಕೊಳ್ಳುತ್ತದೆ.

ಬಾಗುವ ಪೈಪು ಯಾಕೆ ಗಿಡ್ಡ ಇರಬೇಕು ಅನ್ನುವುದಕ್ಕೂ ಕಾರಣ ಇದೆ. ಅದರ ಒಳಮೈಯಲ್ಲಿ ಸುತ್ತಲೂ ಏಣುಗಳು, ನುಣುಪು ಪೈಪಿಗಿಂತ ಗಾಳಿಯನ್ನು ಬಹಳ ಹೆಚ್ಚು ತಡೆಯುತ್ತದೆ. ಮರದ ಹೊಟ್ಟು ದಾರಿಯಲ್ಲಿ ಕೂರದೆ ಸಾಗಬೇಕಾದರೆ ಪೈಪಿನಲ್ಲಿ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರಾದರೂ ಓಡಬೇಕು. ಉದ್ದ ಜಾಸ್ತಿಯಾದರೆ, ತಿರುವು ಜಾಸ್ತಿಯಾದರೆ, ಜೋಡಣೆಯಲ್ಲಿ ಸೋರಿದರೆ ಆ ವೇಗ ಬೀಳುತ್ತದೆ. ಇನ್ನೊಂದು, ನಾಲ್ಕಿಂಚು ಮತ್ತು ಎರಡೂವರೆ ಇಂಚಿನ ಪೈಪಿಗೆ ವ್ಯತ್ಯಾಸ ಬರೀ ಒಂದೂವರೆ ಇಂಚು ಅಂದುಕೊಳ್ಳಬಾರದು. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಎರಡೂವರೆ ಪಟ್ಟು. ಮನೆಯ ವ್ಯಾಕ್ಯೂಮ್ ಕ್ಲೀನರಿನ ಸಪೂರ ಪೈಪನ್ನು ಪ್ಲೇನರಿಗೆ ಸಿಕ್ಕಿಸಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಕಟ್ಟಿದ ಹೊಟ್ಟು ಹಿಂದಕ್ಕೆ ಬಂದು ರೋಲರಿನ ಅಡಿ ಸಿಕ್ಕಿ ಹಲಗೆಯ ಮೈಮೇಲೆ ಸಣ್ಣ ಸಣ್ಣ ಗುಳಿ ಒತ್ತುತ್ತದೆ.

ಮಳೆಗಾಲದಲ್ಲಿ ಹೊಟ್ಟು ತೇವ ಹಿಡಿದು ಪೈಪಿನ ತಗ್ಗಿನಲ್ಲಿ ಕೂರುತ್ತದೆ, ಆದ್ದರಿಂದ ಎಲ್ಲೂ ಹೊಟ್ಟೆ ಬಿಡದ ಹಾಗೆ ಎಳೆದು ಕಟ್ಟಬೇಕು. ಒಣ ಹವೆಯಲ್ಲಿ ಪ್ಲಾಸ್ಟಿಕ್ ಪೈಪು ಮುಟ್ಟಿದರೆ ಚುರುಕ್ ಅಂತ ಶಾಕು. ಅದಕ್ಕೆ ಆಚಾರ್ರು ಬರಿ ತಾಮ್ರದ ತಂತಿ ಸುತ್ತಿ ಅರ್ಥಿಂಗಿಗೆ ಸೇರಿಸಿದ್ದರು. ಮೊದಲು ಕಲೆಕ್ಟರ್ ಶುರು, ಆಮೇಲೆ ಪ್ಲೇನರ್. ನಿಲ್ಲಿಸುವಾಗ ಪ್ಲೇನರ್ ಮೊದಲು, ಪೈಪು ಖಾಲಿಯಾದ ಮೇಲೆ ಕಲೆಕ್ಟರ್. ಹುಡುಗರಿಗೆ ಗೋಡೆಯ ಮೇಲೆ ಹಿಂದಿಯಲ್ಲಿ ಬರೆದು ಹಾಕಿದ್ದರು.

ಇಷ್ಟೆಲ್ಲ ಯಾವಾಗ ಮಾಡಿಸಿದ್ದು ಅಂತ ಕೇಳಿದೆ. ಸಾಗುವಾನಿಯ ಬಾಗಿಲುಗಳಿಗೆ ಪಾಲಿಶ್ ಹಾಕಿದ ಮೇಲೆ ಆ ಗುಳಿಗಳು ಎದ್ದು ಕಂಡು ಗಿರಾಕಿ ವಾಪಸು ಕಳಿಸಿದನಂತೆ. ಅದಾದ ವಾರವೇ ಪೈಪು ಬಂತು.

"ಮತ್ತೆ ಹುಡಿ, ಕೆಮ್ಮು?" ಅಂದೆ.

"ಅದಕ್ಕೆ ಬೆಲ್ಲ ತಿಂತೇವಲ್ಲ. ಬೆಲ್ಲ ತಿಂದ್ರೆ ಗಂಟಲಿನ ಹುಡಿ ಇಳೀತದೆ. ನಮ್ಮ ಅಪ್ಪ ಹೇಳಿದ್ದು."

ಸ್ಟರ್ಟೆವಂಟನ ಕಾಲದ ಮಿಲ್ಲಿಗೂ ಈ ಗಾಲಾಕ್ಕೂ ನೂರೈವತ್ತು ವರ್ಷದ ಅಂತರ. ಆದರೆ ಪೈಪು ಬಂದ ಕಾರಣ ಒಂದೇ. ಮಾಲು ಕೆಡಬಾರದು.

* * *

ಬೆಲ್ಲದಿಂದ ಇಳಿಯುವ ಹುಡಿ ಇದಲ್ಲ ಅಂತ ಲೋಕಕ್ಕೆ ಗೊತ್ತಾದದ್ದು ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರಿನಿಂದ. ಅದು ಕುರ್ಚಿ ಮಾಡುವವರ ಊರು. ಅಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಇದ್ದರು. ಮೂಗಿನ ಒಳಗೆ ಬರುವ, ತೀರಾ ಅಪರೂಪದ ಒಂದು ಕ್ಯಾನ್ಸರು ತನ್ನ ಹತ್ತಿರ ಬರುವ ಫರ್ನಿಚರ್ ಕೆಲಸದವರಲ್ಲೇ ಮತ್ತೆ ಮತ್ತೆ ಕಾಣುತ್ತದಲ್ಲ ಅಂತ ಅವರಿಗೆ ಸಂಶಯ ಬಂತು. ಡೊನಾಲ್ಡ್ ಅಚೆಸನ್ ಮತ್ತಿತರರ ಜೊತೆ ಸೇರಿ ಅವರು ಮಾಡಿದ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂತು. ಮರುವರ್ಷವೇ ಬ್ರಿಟನ್ ಅದನ್ನು ಕಸುಬಿನಿಂದ ಬರುವ ರೋಗ ಅಂತ ಪಟ್ಟಿಗೆ ಸೇರಿಸಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಒಂದನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ವಸ್ತುಗಳ ಗುಂಪಿಗೆ ಹಾಕಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 2023ರಿಂದ ಗಟ್ಟಿ ಮರದ ಧೂಳಿಗೆ ಮಿತಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ.

ನ್ಯಾಯವಾಗಿ ಹೇಳಬೇಕಾದರೆ, ಪ್ಲೇನರ್ ಈ ಲೆಕ್ಕದಲ್ಲಿ ದೊಡ್ಡ ಅಪರಾಧಿ ಅಲ್ಲ. ಅದರ ಹೊಟ್ಟು ಹೆಚ್ಚಿನಂಶ ದಪ್ಪ ಚೂರು. ಪಾಲಿಶಿಗೆ ಮೊದಲು ಉಜ್ಜುವ ಸ್ಯಾಂಡರು, ಎಂಡಿಎಫ್ ಕೊಯ್ಯುವ ಗರಗಸ ಇವು ಹಾರಿಸುವ ಹಿಟ್ಟಿನಂಥ ಧೂಳು ಇನ್ನೂ ಕೆಟ್ಟದ್ದು. ಕಣ್ಣಿಗೆ ಕಾಣುವ ಸುರುಳಿ ನೆಲಕ್ಕೆ ಬೀಳುತ್ತದೆ, ಕಾಣದ ಹುಡಿ ಮೂಗಿಗೆ ಹೋಗುತ್ತದೆ. ಮತ್ತೆ ಪೈಪು ಇದ್ದರೆ ಸಾಕು ಅಂತಲೂ ಅಲ್ಲ. ಕಲೆಕ್ಟರಿನ ಬಟ್ಟೆ ಚೀಲ ತೆಳುವಾಗಿದ್ದರೆ ದಪ್ಪ ಹೊಟ್ಟು ಒಳಗೆ ಉಳಿದು ಸಣ್ಣ ಹುಡಿ ಸೋಸಿಕೊಂಡು ಕೋಣೆಗೇ ವಾಪಸು ಬರುತ್ತದೆ. ನೆಲ ಚೊಕ್ಕಟ, ಗಾಳಿ ಮಾತ್ರ ಹಾಗೇ.

ನಮ್ಮ ಕಾನೂನು ಏನೂ ಹೇಳಿರಲಿಲ್ಲವೇ? ಹೇಳಿತ್ತು, ಚೆನ್ನಾಗಿಯೇ ಹೇಳಿತ್ತು. 1948ರ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್ ಧೂಳು ಮತ್ತು ಹೊಗೆಯ ಬಗ್ಗೆಯೇ ಇತ್ತು. ಧೂಳು ಎಳೆಯುವ ಸಾಧನ ಬೇಕಾದಲ್ಲಿ ಅದನ್ನು ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇಡಬೇಕು ಅಂತ. ನಮ್ಮ ಆಚಾರ್ರ ಪೈಪಿನ ವರ್ಣನೆಯೇ ಅದು! ಆದರೆ ಫ್ಯಾಕ್ಟರಿ ಅನ್ನಿಸಿಕೊಳ್ಳಲು ಕರೆಂಟು ಬಳಸುವ ಜಾಗದಲ್ಲಿ ಹತ್ತು ಜನ ಇರಬೇಕಿತ್ತು. ಗಾಲಾದಲ್ಲಿ ನಾಲ್ಕು ಜನ, ಐದು ಜನ. ಅವರ ಹತ್ತಿರ ಇರುವುದು ಅಂಗಡಿಯ ಲೈಸೆನ್ಸು, ಮುಂಬಯಿಯವರು ಗುಮಾಸ್ತಾ ಅನ್ನುವುದು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಜಾರಿಗೆ ಬಂತು. ಅದರಲ್ಲಿ ಫ್ಯಾಕ್ಟರಿ ಅನ್ನಲು ಬೇಕಾದ ಸಂಖ್ಯೆ ಇಪ್ಪತ್ತು. ಅಂದರೆ ಮೂಗು ಎಷ್ಟಿದೆ ಎಂದು ಎಣಿಸಿದ ಮೇಲೆ ಅದನ್ನು ಕಾಯಬೇಕೋ ಬೇಡವೋ ಅಂತ ತೀರ್ಮಾನ. ನಾಲ್ಕು ಮೂಗಿರುವ ಗಾಲಾ ಆಗಲೂ ಹೊರಗೆ, ಈಗಲೂ ಹೊರಗೆ.

ಇತ್ತ ಹೊಟ್ಟಿನ ಹಳೆಯ ಗಿರಾಕಿಗಳೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗ್ಯಾಸು ಬಂದ ಮೇಲೆ ಹುಡಿ ಒಲೆ ಮೂಲೆ ಸೇರಿತು. ಮುಂಬಯಿಯ ಬೇಕರಿಗಳು ಫರ್ನಿಚರಿನ ತುಂಡು ಮರ ಕೊಳ್ಳುತ್ತಿದ್ದವು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಬೇರೆ ಇಂಧನಕ್ಕೆ ಬದಲಾಗಬೇಕು ಎಂದು ಆದೇಶಿಸಿತು. ಊರಿನ ಗಾಳಿಗೆ ಒಳ್ಳೆಯದೇ. ಗಾಲಾದ ಒಳಗಿನ ಗಾಳಿಯ ಬಗ್ಗೆ ಮಾತ್ರ ಯಾರ ಅರ್ಜಿಯೂ ಬಂದ ಹಾಗೆ ಕಾಣುವುದಿಲ್ಲ.

* * *

ಕೊನೆಗೆ ನನ್ನ ಮೇಜಿಗೆ ಬರುತ್ತೇನೆ. ಸಾಲದ ಅರ್ಜಿಯ ಜೊತೆ ಕೊಟೇಶನ್ ಇರುತ್ತದೆ. ಮೊದಲ ಸಾಲು ಪ್ಲೇನರ್. ಎರಡನೆಯದು ಹೆಚ್ಚುವರಿ ಅಲಗುಗಳು. ಮೂರನೆಯದು ಡಸ್ಟ್ ಕಲೆಕ್ಟರ್ ಮತ್ತು ಪೈಪು, ಅದರ ಪಕ್ಕದಲ್ಲಿ 'ಐಚ್ಛಿಕ' ಅಂತ ಒಂದು ಪದ. ಸಾಲಗಾರ ತನ್ನ ಪಾಲಿನ ಮಾರ್ಜಿನ್ ಹಣ ಸಾಲದೆ ಎಲ್ಲಾದರೂ ಕತ್ತರಿ ಹಾಕಬೇಕಾದಾಗ ಮೊದಲು ಹೊಡೆಯುವುದು ಆ ಮೂರನೇ ಸಾಲನ್ನು. ಅವನನ್ನು ದೂರುವಂತಿಲ್ಲ. ಪ್ಲೇನರ್ ದುಡಿಯುತ್ತದೆ, ಕಂತು ಕಟ್ಟುತ್ತದೆ. ಪೈಪು ಕಂತು ಕಟ್ಟುವುದಿಲ್ಲ. ಮೇಲಾಗಿ ಕಲೆಕ್ಟರಿಗೆ ಬೇರೆ ಮೋಟರು, ಎರಡೂ ಒಟ್ಟಿಗೆ ಹಾಕಿದರೆ ಕರೆಂಟಿನ ಲೋಡು ತಾಳಬೇಕು.

ಆದರೆ ಖರ್ಚು ಕತ್ತರಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ, ಬೇರೆ ಪುಸ್ತಕಕ್ಕೆ ಹೋಗುತ್ತದೆ. ಈ ಖರ್ಚು ಹೋಗುವ ಪುಸ್ತಕ ಗಾಲಾದಲ್ಲೇ ಮಲಗುವ, ಊರಿಗೆ ದುಡ್ಡು ಕಳಿಸುವ ಇಪ್ಪತ್ತರ ಹುಡುಗನದ್ದು. ಮರದ ಧೂಳಿನ ಕ್ಯಾನ್ಸರು ಕಾಣಿಸಿಕೊಳ್ಳುವುದಕ್ಕೆ ದಶಕಗಳು ಬೇಕು. ಅಷ್ಟರಲ್ಲಿ ಅವನು ಎಷ್ಟು ಗಾಲಾ ಬದಲಿಸಿರುತ್ತಾನೋ. ಬಿಲ್ಲು ಬರುವಾಗ ಯಾರ ಹೆಸರಿಗೆ ಅಂತ ಹೇಳಲು ಯಾವ ಕಾಗದವೂ ಇರುವುದಿಲ್ಲ. ದಮ್ಮು, ಕೆಮ್ಮು, ಕಣ್ಣುರಿಗಳಾದರೆ ಅಷ್ಟು ದಿನ ಕಾಯುವುದೂ ಇಲ್ಲ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯೂ ಸೇರಿದ್ದಾನೆ. ಉಪಕರಣಕ್ಕೆ 15,000 ರೂಪಾಯಿ ನೆರವು, ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷ ಸಾಲ. ಸಣ್ಣ ಯಂತ್ರಗಳು ಇನ್ನಷ್ಟು ಕೈಗಳಿಗೆ ಹೋಗುತ್ತವೆ, ಸಂತೋಷವೇ. ಗಂಧದ ಹುಡಿಯನ್ನೂ ಒಂದು ದರ್ಜೆ ಅಂತ ಬರೆದಿಟ್ಟ ನಾಡಿನವರು ನಾವು. ಕೊಟೇಶನ್ನಿನಲ್ಲಿ ಪ್ಲೇನರನ್ನೂ ಪೈಪನ್ನೂ ಎರಡು ಸಾಲಿನ ಬದಲು ಒಂದೇ ಸಾಲಿನಲ್ಲಿ, ಒಂದೇ ಮೊತ್ತದಲ್ಲಿ ಬರೆದರೆ ಕತ್ತರಿ ಹಾಕಲು ಜಾಗ ಇರುವುದಿಲ್ಲ. ಇದಕ್ಕೆ ಹೊಸ ಕಾನೂನು ಬೇಡ, ಬರೆಯುವವನಿಗೆ ಮನಸ್ಸಿದ್ದರೆ ಸಾಕು.

ಈಗ ಪರಿಚಯದ ಹುಡುಗರು ಯಾರಾದರೂ ಪ್ಲೇನರ್ ಕೊಳ್ಳುತ್ತೇನೆ ಅಂತ ಸಲಹೆ ಕೇಳಲು ಬಂದರೆ ಯಾವ ಕಂಪನಿ, ಎಷ್ಟು ಬಡ್ಡಿ ಅನ್ನುವುದಕ್ಕೆ ಮೊದಲು ಒಂದು ಮಾತು ಹೇಳುತ್ತೇನೆ. ಗಾಲಾದ ಶಟರ್ ಎಳೆದು, ಸೀಮೆಸುಣ್ಣ ತೆಗೆದುಕೊಂಡು, ಯಂತ್ರ ಎಲ್ಲಿ ಕೂರುತ್ತದೆ, ಪೈಪು ಯಾವ ಗೋಡೆಯ ಮೇಲೆ ಹೋಗುತ್ತದೆ, ಚೀಲ ಎಲ್ಲಿ ನಿಲ್ಲುತ್ತದೆ ಅಂತ ನೆಲಕ್ಕೂ ಗೋಡೆಗೂ ಗೀಟು ಹಾಕಿ ಬಾ. ಪೈಪಿಗೆ ಜಾಗ ಸಿಕ್ಕದಿದ್ದರೆ ಇನ್ನೊಂದು ಸಲ ಅಳತೆ ಮಾಡು. ಸಾಲದ ಫಾರ್ಮು ಎಲ್ಲಿಗೂ ಓಡಿಹೋಗುವುದಿಲ್ಲ.